ಹನ್ನೊಂದು ವಸ್ತುಗಳ ಪಟ್ಟಿ

ಶನಿವಾರ ಬೆಳಿಗ್ಗೆ ಏಳು ಗಂಟೆಯ ಗಸ್ತಿಗೆ ಗುಡ್ಡದ ಮೇಲಿಂದ ಡ್ರೋನ್ ಏಳಲಿಲ್ಲ. ಏಳೂಕಾಲಿಗೆ ಸೈರನ್ ಕೂಗಿತು. ನನ್ನ ಅಂಗಡಿಯಲ್ಲಿ ಸಿಂಪಿ ಶ್ಯಾವಿಗೆ ತಿನ್ನುತ್ತಿದ್ದ ಇಬ್ಬರು ಸೈನಿಕರು ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಓಡಿದರು. ಎಂಟರ ಹೊತ್ತಿಗೆ ಇಡೀ ದ್ವೀಪಕ್ಕೆ ಗೊತ್ತಾಗಿತ್ತು — ಸೇನಾ ಶಿಬಿರವನ್ನು ಕಾಯುವ ಡ್ರೋನನ್ನೇ ಯಾರೋ ಕದ್ದಿದ್ದಾರೆ!

ಎದುರು ದಡದಿಂದ ಬೇರೆ ದೇಶದವರ ಡ್ರೋನುಗಳು ಬಂದು ಶಿಬಿರದ ಫೋಟೋ ತೆಗೆಯತೊಡಗಿದ ಮೇಲೆ ನಮ್ಮವರೂ ಒಂದನ್ನು ತಂದಿದ್ದರು. ದಿನಕ್ಕೆ ನಾಲ್ಕು ಸುತ್ತು. ಬೇಲಿ, ದಡ, ದೋಣಿಗಳ ಮೇಲೆ ಕಣ್ಣಿಡುವುದು ಅದರ ಕೆಲಸ. ಹಾರಿಸುವವನು ಸಾರ್ಜೆಂಟ್ ಔಯಾಂಗ್ ಪೋ-ಶೆಂಗ್. ನಾಲ್ಕು ವರ್ಷದಿಂದ ಅವನೊಬ್ಬನೇ.

ಡ್ರೋನ್ ಇಡುವ ಶೆಡ್ಡು ಗುಡ್ಡದ ಅಂಚಿನಲ್ಲಿದೆ. ಅದರ ಹಿಂಬದಿಗೆ ಗೋಡೆಯಿಲ್ಲ, ಹಸಿರು ಬಲೆ ಮಾತ್ರ. ಆ ಬಲೆಯನ್ನು ಉದ್ದಕ್ಕೆ ಸೀಳಿದ್ದರು. ಕೆಳಗೆ ಒಂದು ಚೂರಿ ಬಿದ್ದಿತ್ತು. ಸಿಂಪಿ ಬಿಡಿಸುವ ಚೂರಿ, ಹಿಡಿಗೆ ಕೆಂಪು ದಾರ.

ಆ ಚೂರಿ ವೆಂಗ್ ಹಾಯ್-ತ್ಸೂಳದು. ನನ್ನ ಪಕ್ಕದ ಮನೆಯವಳು. ಶಿಬಿರದ ಕೆಳಗಿನ ದಡ ಜನರಿಗೆ ಮುಚ್ಚಿದೆ. ಏಳು ಹೆಂಗಸರಿಗೆ ಮಾತ್ರ ಗೇಟು ದಾಟಿ, ನೀರು ಇಳಿದಾಗ ಕಲ್ಲುಕಂಬಗಳಿಂದ ಸಿಂಪಿ ಕೀಳಲು ಪರವಾನಗಿ ಚೀಟಿ ಇದೆ. ಹಾಯ್-ತ್ಸೂಳ ಚೀಟಿಗೆ ಮೂವತ್ತೊಂದು ವರ್ಷ. ಅವಳಿಗೆ ಬೇರೆ ಜೀವನೋಪಾಯವೂ ಇಲ್ಲ, ಬೇರೆ ಕೆಲಸವೂ ಬಾರದು.

ಶಿಬಿರದ ಮುಖ್ಯಸ್ಥರಾದ ಮೇಜರ್ ಒಂದೇ ಮಾತು ಹೇಳಿದರಂತೆ: ಸೋಮವಾರ ಬೆಳಿಗ್ಗೆಯೊಳಗೆ ಕಳ್ಳ ಸಿಗದಿದ್ದರೆ ಅವಳ ಚೀಟಿ ರದ್ದು.

ಮಧ್ಯಾಹ್ನದ ದೋಣಿಗೆ ಮಿಲಿಟರಿ ಪೊಲೀಸಿನ ಲೆಫ್ಟಿನೆಂಟ್ ಜ್ಯೆನ್ ಯೂ-ಚಿಂಗ್ ಬಂದಳು. ಮೂವತ್ತರ ಒಳಗಿನ ಹೆಣ್ಣು, ಕತ್ತರಿಸಿದ ಕೂದಲು. ಶಿಬಿರದ ಕಚೇರಿಯಲ್ಲಿ ಫೋನುಗಳ ಗಲಾಟೆ ಅಂತ ನನ್ನ ಅಂಗಡಿಯ ಹಿಂದಿನ ಮೇಜಿಗೇ ಒಬ್ಬೊಬ್ಬರನ್ನು ಕರೆಸಿದಳು. ನನ್ನನ್ನು ಎದ್ದು ಹೋಗು ಅನ್ನಲಿಲ್ಲ. ನಾನೂ ಹೋಗಲಿಲ್ಲ.

ಮೊದಲು ಹಾಯ್-ತ್ಸೂ.

"ಚೂರಿ ನಿಮ್ಮದಾ?"

"ನನ್ನದೇ. ಕೆಂಪು ದಾರ ಕಾಣ್ತಾ ಇಲ್ವಾ?"

"ಡ್ರೋನನ್ನ ಹೊಡೆದು ಹಾಕ್ತೀನಿ ಅಂದಿದ್ರಂತೆ?"

"ಅಂದಿದ್ದೆ. ಇವಳ ಅಂಗಡಿ ಮುಂದೆನೇ ನಿಂತು ಅಂದಿದ್ದೆ. ಬಂಡೆ ಮರೆಗೆ ಹೋಗಿ ಕೂತ್ರೂ ತಲೆ ಮೇಲೆ ಬಂದು ಗುಂಯ್ ಅನ್ನುತ್ತೆ ಅದು. ಅರವತ್ತೆಂಟು ವರ್ಷದ ಮುದುಕಿ ಕೂತಿರೋದ್ರಲ್ಲಿ ಸರ್ಕಾರಕ್ಕೆ ಏನು ಕಾಣ್ಬೇಕಾಗಿದೆ?"

ನಗು ಅಡಗಿಸಲು ನಾನು ಪಾತ್ರೆಯ ಕಡೆ ಮುಖ ತಿರುಗಿಸಿದೆ. ಲೆಫ್ಟಿನೆಂಟ್ ನಗಲಿಲ್ಲ.

"ಕದ್ರಾ?"

"ಕದಿಯೋದಾ? ಕಲ್ಲಲ್ಲಿ ಕುಟ್ಟಿ ಹಾಕ್ತಿದ್ದೆ. ಕುಟ್ಟಿದ್ರೆ ಕುಟ್ಟಿದೆ ಅಂತಲೇ ಹೇಳ್ತಿದ್ದೆ."

"ಚೂರಿ ಎಲ್ಲಿಡ್ತೀರಿ?"

"ದಡದ ಕಲ್ಲುಕಂಬದ ಸಂದೀಲಿ. ದಿನಾ ಮನೆಗೆ ಎತ್ಕೊಂಡು ಹೋಗೋಕೆ ಅದೇನು ಮೊಮ್ಮಗೂನಾ?"

"ಅಲ್ಲಿಡ್ತೀರಿ ಅಂತ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ನಾವು ಏಳು ಜನ ಬಿಟ್ರೆ."

ಎದ್ದು ಹೋಗುವಾಗ ಅವಳ ಕೈ ಮೇಲಂಗಿಯ ಒಳಜೇಬನ್ನು ಒತ್ತಿ ಹಿಡಿದಿತ್ತು. ಚೀಟಿ ಅಲ್ಲಿರುತ್ತದೆ.

ಆಮೇಲೆ ರಿಪೇರಿ ಗುತ್ತಿಗೆದಾರ ಫಾಂಗ್. ದೊಡ್ಡ ಹೊಟ್ಟೆ, ದೊಡ್ಡ ಬಾಯಿ. ಕೂರುವ ಮೊದಲೇ ನನ್ನ ಕಾಲೆಳೆದ:

"ಏನಜ್ಜಿ, ಫ್ರಿಜ್ಜಿನ ಮೇಲಿನ ಹಸಿರು ಪೊಟ್ಟಣ ವಾಯಿದೆ ಮೀರಿದೆ! ಅದಕ್ಕೇ ಈ ಪಾಟಿ ಗೊರಕೆ ಹೊಡೀತಿದೆ ಅದು."

"ನಿನ್ನ ಹೊಟ್ಟೆ ಮೇಲೂ ಒಂದಿಟ್ಕೋ, ಹೇಳಿದ ಮಾತು ಕೇಳುತ್ತೆ," ಅಂದೆ.

ನಮ್ಮಲ್ಲಿ ಯಂತ್ರ ಇದ್ದ ಕಡೆ ಜೋಳದ ಪುರಿಯ ಹಸಿರು ಪೊಟ್ಟಣ ಒಂದಿರುತ್ತದೆ. ಯಂತ್ರ ತಂಟೆ ಮಾಡದೆ ಕೆಲಸ ಮಾಡಲಿ ಅಂತ. ಹಸಿರೇ ಆಗಬೇಕು, ವಾಯಿದೆ ಮೀರಿರಬಾರದು, ಅದನ್ನು ಯಾರೂ ತಿನ್ನುವುದಿಲ್ಲ. ಬ್ಯಾಂಕಿನಲ್ಲೂ ಇಡುತ್ತಾರೆ, ಆಸ್ಪತ್ರೆಯಲ್ಲೂ ಇಡುತ್ತಾರೆ.

"ಶುಕ್ರವಾರ ಶೆಡ್ಡಿಗೆ ಹೋಗಿದ್ರಿ. ಯಾಕೆ?" ಲೆಫ್ಟಿನೆಂಟ್ ಕೇಳಿದಳು.

"ಹೊಸ ಡ್ರೋನಿಗೆ ಜಾಗ ಅಳೆಯೋಕೆ, ಮೇಡಂ. ಸೋಮವಾರ ಬರುತ್ತೆ. ಪೆಟ್ಟಿಗೆ ತಾನೇ ತೆರೆಯುತ್ತೆ, ತಾನೇ ಹಾರುತ್ತೆ, ತಾನೇ ಬಂದು ಮಲಗುತ್ತೆ. ಹಾರಿಸೋಕೆ ಜನವೇ ಬೇಡ."

"ಹಳೇದು?"

"ಸೇನೆ ಸಾಮಾನು ಹೊರಗೆ ಹೋಗೋ ಹಾಗಿಲ್ಲ. ಮೇಜರ್ ಎದುರಿಗೇ ನಾನು ಪುಡಿ ಮಾಡ್ಬೇಕು."

"ಅದರ ಬಿಡಿಭಾಗಗಳಿಗೆ ಬೆಲೆ ಇಲ್ವಾ?"

"ನಾಲ್ಕು ವರ್ಷ ಉಪ್ಪುಗಾಳಿ ಕುಡಿದಿರೋದು. ನನ್ನ ಹಲ್ಲಿಗೆ ಅದಕ್ಕಿಂತ ಬೆಲೆ ಇದೆ."

ಕೊನೆಗೆ ಸಾರ್ಜೆಂಟ್ ಪೋ-ಶೆಂಗ್. ಇಸ್ತ್ರಿ ಮಾಡಿದ ಸಮವಸ್ತ್ರ, ಮಿತ ಮಾತು. ಕಳುವಾದ ವಸ್ತುಗಳ ಪಟ್ಟಿ ಕೊಟ್ಟ. ಮುತ್ತಿನಂಥ ಅಕ್ಷರ. ಡ್ರೋನ್, ಬ್ಯಾಟರಿ ಮೂರು, ಬಿಡಿ ರೆಕ್ಕೆ ನಾಲ್ಕು, ಮಸೂರದ ಮುಚ್ಚಳ, ಲೆನ್ಸ್ ಒರೆಸುವ ಬಟ್ಟೆ, ಸಣ್ಣ ಸ್ಕ್ರೂಡ್ರೈವರ್... ಒಟ್ಟು ಹನ್ನೊಂದು ಸಾಲು.

"ಒರೆಸೋ ಬಟ್ಟೆನೂ ಬರೆದಿದ್ದೀರಿ," ಅಂದಳು.

"ಶೆಡ್ಡಿನಲ್ಲಿ ಏನಿತ್ತು, ಏನಿಲ್ಲ — ಕಣ್ಣು ಮುಚ್ಚಿ ಹೇಳ್ತೀನಿ, ಮೇಡಂ."

"ಬೇರೆ ಏನೂ ಹೋಗಿಲ್ವಾ?"

"ಇಲ್ಲ. ಇಷ್ಟೇ."

"ಹೊಸದು ಬಂದ್ರೆ ನೀವೇನು ಮಾಡ್ತೀರಿ?"

"ನನ್ನನ್ನ ಉಗ್ರಾಣದ ಕೆಲಸಕ್ಕೆ ಹಾಕಿದ್ದಾರೆ." ಅಷ್ಟು ಹೇಳಿ ಸೆಲ್ಯೂಟ್ ಹೊಡೆದು ಹೋದ.

ಭಾನುವಾರ ಮಧ್ಯಾಹ್ನದವರೆಗೂ ಲೆಫ್ಟಿನೆಂಟ್ ದಡ, ಬಲೆ, ಗೇಟು ಅಂತ ಅಲೆದಳು. ಬಂದು ಕೂತಾಗ ಮೇಜಿನ ತುಂಬ ಶೆಡ್ಡಿನ ಫೋಟೋಗಳು. ಬಟ್ಟಲು ಇಡಲು ಜಾಗ ಮಾಡುತ್ತ ಒಂದನ್ನು ನಾನು ಕೈಗೆತ್ತಿಕೊಂಡೆ. ಡ್ರೋನ್ ನಿಲ್ಲಿಸುವ ಖಾಲಿ ಪೀಠ. ಅಂಚಿನಲ್ಲಿ ಅಂಟುಪಟ್ಟಿಯ ಗುರುತು, ಅಂಗೈಯಗಲದ ಚೌಕ.

"ಪೊಟ್ಟಣ ಎಲ್ಲಿ?" ಅಂದೆ.

"ಯಾವ ಪೊಟ್ಟಣ, ಅಜ್ಜಿ?"

"ಹಸಿರು ಪೊಟ್ಟಣ. ಇಲ್ಲೇ ಅಂಟಿಸಿರ್ತಿದ್ದ ಪೋ-ಶೆಂಗ್. ನಾಲ್ಕು ವರ್ಷದಿಂದ ನನ್ನ ಅಂಗಡಿಯಲ್ಲೇ ತಗೋತಾನೆ. ತಾರೀಕು ನೋಡಿ ನೋಡಿ, ಹಿಂದಿನ ಸಾಲಿಂದ ಆರಿಸ್ತಾನೆ."

ಅವಳು ಶ್ಯಾವಿಗೆ ತಿನ್ನುವ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟಳು. ಪಟ್ಟಿ ತೆಗೆದಳು. ಬೆರಳಿಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ಓದಿದಳು.

"ಒಂದು ಹಸಿರು ಪೊಟ್ಟಣ ಕೊಡಿ," ಅಂದಳು. "ಸಾರ್ಜೆಂಟ್‌ಗೆ ಹೇಳಿ ಕಳಿಸಿ."

ಪೋ-ಶೆಂಗ್ ಬಂದು ನಿಂತ. ಅವಳು ಪೊಟ್ಟಣವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತಿದ್ದಳು.

"ಸಾರ್ಜೆಂಟ್, ನಿಮ್ಮದೇ ತಪ್ಪು ಅಂತ ಕಾಣುತ್ತೆ. ಡ್ರೋನಿನ ಪೊಟ್ಟಣದ ವಾಯಿದೆ ಹೋದ ವಾರವೇ ಮುಗಿದಿತ್ತಂತೆ. ಅಷ್ಟು ಅಸಡ್ಡೆ ಮಾಡಿದ್ರೆ ಯಂತ್ರ ಉಳಿಯುತ್ತಾ?"

ಅವನ ಕಿವಿ ಕೆಂಪಾಯಿತು.

"ಯಾರು ಹೇಳಿದ್ದು? ಮಾರ್ಚ್‌ವರೆಗೆ ಇದೆ! ನಾನೇ ನೋಡಿ ಹಾಕಿದ್ದು!"

"ಸರಿ. ಹಾಗಾದ್ರೆ ಅದೆಲ್ಲಿ?"

ಅವನ ಕಣ್ಣು ಮೇಜಿನ ಮೇಲಿದ್ದ ಪೊಟ್ಟಣದ ಮೇಲೆ ನಿಂತಿತು.

"ಕೂತ್ಕೊಳ್ಳಿ, ನಾನೇ ಹೇಳ್ತೀನಿ," ಅಂದಳು ಲೆಫ್ಟಿನೆಂಟ್. "ಹಾಯ್-ತ್ಸೂ ಅವರಿಗೆ ಡ್ರೋನ್ ಕಂಡ್ರೆ ಆಗಲ್ಲ. ಸಿಕ್ಕಿದ್ರೆ ಅಲ್ಲೇ ಕುಟ್ಟಿ ಹಾಕ್ತಿದ್ರು, ಪೊಟ್ಟಣ ಯಾಕೆ ಒಯ್ತಾರೆ? ಫಾಂಗ್‌ಗೆ ಅದು ಗುಜರಿ. ಪುಡಿಯಾಗೋ ಯಂತ್ರ ಮಾತು ಕೇಳಿದ್ರೆಷ್ಟು, ಬಿಟ್ರೆಷ್ಟು? ಅವಸರದಲ್ಲಿ ಬಲೆ ಸೀಳಿ ಬಂದ ಕಳ್ಳ ಅಂಟುಪಟ್ಟಿಯನ್ನ ಉಗುರಿಂದ ನಯವಾಗಿ ಬಿಡಿಸ್ತಾ ಕೂರಲ್ಲ. ಪೊಟ್ಟಣವನ್ನೂ ಜೊತೆಗೆ ಒಯ್ದೋನಿಗೆ ಆ ಡ್ರೋನ್ ಇನ್ನೂ ಹಾರ್ಬೇಕು, ಚೆನ್ನಾಗಿರ್ಬೇಕು. ಅಂಥೋನು ಯಾರು?"

ಅವಳು ಪಟ್ಟಿಯನ್ನು ಅವನ ಮುಂದೆ ಸರಿಸಿದಳು.

"ಇಷ್ಟಾದ್ರೂ ಬರೀ ಅನುಮಾನ ಅಂತಿದ್ದೆ. ನಿಮ್ಮ ಪಟ್ಟಿಯೇ ಹಿಡಿದುಕೊಟ್ಟಿತು. ಒರೆಸೋ ಬಟ್ಟೆ ಹೋಗಿದ್ದು ಕಂಡ ಕಣ್ಣಿಗೆ, ನಾಲ್ಕು ವರ್ಷ ಕೈಯಾರೆ ಅಂಟಿಸಿದ ಪೊಟ್ಟಣ ಹೋಗಿದ್ದು ಕಾಣಲಿಲ್ವಾ? ಅದು ಕಳುವಾಗಿದೆ ಅಂತ ನಿಮಗೆ ಅನ್ನಿಸಲೇ ಇಲ್ಲ. ಯಾಕಂದ್ರೆ ನಿಮ್ಮ ಪಾಲಿಗೆ ಅದು ಎಲ್ಲಿರಬೇಕೋ ಅಲ್ಲೇ ಇದೆ — ಡ್ರೋನಿನ ಪಕ್ಕದಲ್ಲಿ."

ಪೋ-ಶೆಂಗ್ ಹೇಳಿದ: "ಪಡುವಣ ದಡದ ಹಳೇ ಸುರಂಗದಲ್ಲಿದೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಬಿದ್ದಿಲ್ಲ, ಮೇಡಂ. ತೂಫಾನಲ್ಲೂ ವಾಪಸ್ ಬಂದಿತ್ತು. ಅದನ್ನ ನನ್ನ ಕಣ್ಣೆದುರಿಗೇ ಪುಡಿ ಮಾಡ್ತಾರಂತೆ."

"ಚೂರಿ?"

"ದಿನಾ ಡ್ರೋನಿನ ಕ್ಯಾಮೆರಾದಲ್ಲಿ ಕಾಣ್ತಿತ್ತು. ಅವರು ಎಲ್ಲಿ ಸಿಕ್ಕಿಸಿಡ್ತಾರೆ ಅಂತ."

"ಆ ಏಳು ಜನ ಬಿಟ್ರೆ ಅದು ಗೊತ್ತಿದ್ದದ್ದು ನಿಮ್ಮೊಬ್ಬರಿಗೆ," ಅಂದಳು ಅವಳು. "ಅವರ ಚೀಟಿ ಹೋಗುತ್ತೆ ಅಂತಲೂ ಗೊತ್ತಿತ್ತು, ಅಲ್ವಾ?"

ಅವನು ತಲೆ ತಗ್ಗಿಸಿದ.

ಸುರಂಗದಲ್ಲಿ ಡ್ರೋನ್ ಸಿಕ್ಕಿತು. ಅವನ ಚಳಿಗಾಲದ ಕೋಟಿನಲ್ಲಿ ಸುತ್ತಿತ್ತು. ಮೇಲೆ ಹಸಿರು ಪೊಟ್ಟಣ.

ಸೋಮವಾರ ಬೆಳಿಗ್ಗೆ ಕೆಳಗಿನ ಗೇಟಿನ ಹತ್ತಿರ ಮೇಜರ್ ತಾವೇ ಬಂದು ನಿಂತಿದ್ದರು. ಟೋಪಿ ತೆಗೆದು ಹಾಯ್-ತ್ಸೂಳಿಗೆ ಏನೋ ಹೇಳಲು ಶುರು ಮಾಡಿದರು — ಶಿಬಿರದ ಪರವಾಗಿ, ವೈಯಕ್ತಿಕವಾಗಿ, ಹೀಗೆ. ಅವಳು ಅವರ ಭುಜದಾಚೆ ಸಮುದ್ರ ನೋಡುತ್ತಿದ್ದಳು. ನೀರು ಇಳಿದು ಕಲ್ಲುಕಂಬಗಳ ತಲೆ ಕಾಣತೊಡಗಿತ್ತು.

ಲೆಫ್ಟಿನೆಂಟ್ ಹತ್ತಿರ ಬಂದು ಕೇಳಿದಳು: "ಸಾರ್ಜೆಂಟ್ ಮೇಲಿನ ವಿಚಾರಣೆಗೆ ನಿಮ್ಮ ಹೇಳಿಕೆ ಬೇಕು, ಅಮ್ಮ. ಬರ್ತೀರಾ?"

"ನಿಮ್ಮ ಯಂತ್ರ ಒಯ್ದಿದ್ದಕ್ಕೆ ಅವನಿಗೆ ಏನಾದ್ರೂ ಮಾಡ್ಕೊಳ್ಳಿ, ನನಗೆ ಸಂಬಂಧ ಇಲ್ಲ," ಅಂದಳು ಹಾಯ್-ತ್ಸೂ. "ನನ್ನ ಚೂರಿ ಒಯ್ದು ಅಲ್ಲಿ ಹಾಕಿದನಲ್ಲ, ಅದಕ್ಕೆ ಬರ್ತೀನಿ. ಅವನ ಮುಖ ನೋಡಿ ಹೇಳ್ತೀನಿ."

ಒಳಜೇಬಿನಿಂದ ಚೀಟಿ ತೆಗೆದು ಕಾವಲಿನವನ ಮೂಗಿನ ಕೆಳಗೆ ಹಿಡಿದಳು.

"ಆದ್ರೆ ಈಗಲ್ಲ. ನೀರು ಏರಿದ ಮೇಲೆ."