ಆರು ತಿಂಗಳು ಹೋಗಲಿ

ಕೀಂ... ಕೀಂ... ಕೀಂ!

ಆಸ್ಪತ್ರೆಯ ಲಿಫ್ಟು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಬಾಗಿಲು ಮುಚ್ಚುತ್ತಿಲ್ಲ. ಒಳಗಿದ್ದ ಏಳೆಂಟು ಜನರ ಕಣ್ಣು ಒಟ್ಟಿಗೇ ಅವಳ ಕಡೆ ಹೊರಳಿತು.

 

'ಇವತ್ತೊಂದು ದಿನವಾದರೂ ಬಿಡಬಾರದಿತ್ತೇ...' ಎಂದುಕೊಳ್ಳುತ್ತ ಅವಳು ಬಟ್ಟೆಯ ಚೀಲ ಎತ್ತಿಕೊಂಡಳು. ವಯಸ್ಸು ಮೂವತ್ಮೂರು, ತೂಕ ನೂರ ಹದಿನೆಂಟು ಕೆ.ಜಿ. ಇಂಥ ಗಂಟೆ ಕೇಳಿದರೆ ಅವಳ ಕಾಲು ತಾನಾಗಿಯೇ ಹೊರಗೆ ನಡೆಯುತ್ತಿತ್ತು.

"ನೀವು ಇರಿ. ನಾನು ಇಳೀತೀನಿ."

ಮೂಲೆಯಲ್ಲಿದ್ದ ನೀಲಿ ಅಂಗಿಯವನೊಬ್ಬ ಹೆಗಲಿಗೆ ದಪ್ಪ ಚೀಲ ನೇತುಹಾಕಿಕೊಂಡು ಎಲ್ಲರನ್ನೂ ದಾಟಿ ಹೊರಬಂದ. ಗಂಟೆ ನಿಂತಿತು.

ಅವಳ ಕೆನ್ನೆ ಉರಿಯಿತು. "ನಿಮ್ಮ ಕರುಣೆ ಏನೂ ಬೇಡ ನನಗೆ!"

"ಕರುಣೆನಾ?" ಅವನು ನಿಜಕ್ಕೂ ತಬ್ಬಿಬ್ಬಾದ. "ಮೇಡಂ, ಈ ಟೂಲ್ ಬ್ಯಾಗೇ ಇಪ್ಪತ್ತೈದು ಕೆ.ಜಿ. ಇದೆ. ಲಿಫ್ಟ್ ರಿಪೇರಿ ಮಾಡೋನು ನಾನು... ತಪ್ಪು ಯಾರದು ಅಂತ ನನಗೆ ಗೊತ್ತಾಗಲ್ವಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು.

ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದಳು. ಆದರೆ ಐದನೇ ಮಹಡಿಯ ಎರಡು ಮಂಚದ ಕೋಣೆಗೆ ಹೋಗಿ ಉಸಿರು ಬಿಡುವಷ್ಟರಲ್ಲಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಅದೇ ನೀಲಿ ಅಂಗಿ ಬಾಗಿಲಲ್ಲಿ ನಿಂತಿತ್ತು!

"ಬಂದೆಯಾ? ಇವನೇ ನನ್ನ ಮಗ," ಎಂದರು ಪಕ್ಕದ ಮಂಚದವರು. ನಿವೃತ್ತ ಗಣಿತದ ಟೀಚರ್. ವಾರ್ಡಿನಲ್ಲಿ ಎಲ್ಲರಿಗೂ ಆಗಲೇ 'ಟೀಚರಮ್ಮ' ಆಗಿಬಿಟ್ಟಿದ್ದರು. ಮರುದಿನ ಬೆಳಗ್ಗೆ ಇಬ್ಬರಿಗೂ ಒಂದೇ ಆಪರೇಷನ್. ತೂಕ ಇಳಿಸಲೆಂದು ಹೊಟ್ಟೆಯ ಚೀಲದ ಮುಕ್ಕಾಲು ಭಾಗ ತೆಗೆದು ಬಾಳೆಕಾಯಿಯಷ್ಟು ಉಳಿಸುವ ಆಪರೇಷನ್. "ಕಂಡವರನ್ನೆಲ್ಲ ಮೇಲೆ ಹತ್ತಿಸ್ತಾನೆ ಕಣಮ್ಮ, ತಾನು ಮಾತ್ರ ಮೂವತ್ತೇಳಾದ್ರೂ ನೆಲಮಹಡಿ ಬಿಟ್ಟು ಏಳಲಿಲ್ಲ. ಇನ್ನೂ ಮದುವೆ ಇಲ್ಲ!"

"ಅಮ್ಮಾ!" ಎಂದ ಅವನು.

ಅವಳು ಗೋಡೆ ಕಡೆ ತಿರುಗಿಕೊಂಡಳು.

* * *

ಅವಳು ಟೈಲರ್. ಎರಡು ಮಷೀನು, ಒಂದು ಕನ್ನಡಿ, ಗೋಡೆ ತುಂಬ ದಾರದ ಉಂಡೆ, ಇಷ್ಟೇ ಅವಳ ಅಂಗಡಿ. ಊರವರ ಅಳತೆಯೆಲ್ಲ ಅವಳ ನಾಲಿಗೆ ತುದಿಯಲ್ಲಿತ್ತು. ತನ್ನ ಅಳತೆ ಮಾತ್ರ ತೆಗೆದವಳಲ್ಲ. ಈ ನಡುವೆ ಮಂಡಿ ನೋವಿನಿಂದ ಪೆಡಲ್ ತುಳಿಯಲಾಗದೆ, ಮಲಗಿದರೆ ಉಸಿರು ಕಟ್ಟಿ, ಸಕ್ಕರೆ ಕಾಯಿಲೆಯೂ ಶುರುವಾಗಿ, ಆಪರೇಷನ್ ಆಗಲೇಬೇಕೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಅಂಗಡಿಗೆ ಬೀಗ ಹಾಕಿ ಬಂದಿದ್ದಳು.

ಆಪರೇಷನ್ ಆಗಿ ಎಚ್ಚರವಾದಾಗ ಹೊಟ್ಟೆಗಿಂತ ಹೆಚ್ಚು ನೋಯುತ್ತಿದ್ದುದು ಬಲಭುಜ!

"ಅಯ್ಯೋ, ಭುಜ ಯಾಕೆ ಸಿಸ್ಟರ್? ಅಲ್ಲೂ ಕೊಯ್ದುಬಿಟ್ರಾ?"

ನರ್ಸ್ ನಕ್ಕಳು. "ಹೊಟ್ಟೆ ಉಬ್ಬಿಸೋಕೆ ಗ್ಯಾಸ್ ತುಂಬಿದ್ವಿ, ಅದರ ನೋವು ಅಲ್ಲಿ ಕಾಣುತ್ತೆ. ನಡೆದ್ರೆ ಕಮ್ಮಿ ಆಗುತ್ತೆ. ಏಳಿ, ಕಾರಿಡಾರಲ್ಲಿ ಎರಡು ಸುತ್ತು."

"ಇವತ್ತೇನಾ?!"

"ಇವತ್ತೇ."

ಸಂಜೆಯ ಬಿಸಿಲು ಕಾರಿಡಾರಿನ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಒಂದು ಕಡೆ ಟೀಚರಮ್ಮ, ಇನ್ನೊಂದು ಕಡೆ ಅವಳು, ನಡುವೆ ಎರಡೂ ಕೈಯಲ್ಲಿ ಇಬ್ಬರ ಡ್ರಿಪ್ ಸ್ಟ್ಯಾಂಡ್ ತಳ್ಳುತ್ತ ಅವನು. ಮೂವರೂ ಆಮೆಯ ಹಾಗೆ ಸಾಗಿದರು.

"ಮದುವೆ ಮೆರವಣಿಗೆ ಥರ ಇದೆ," ಎಂದರು ಟೀಚರಮ್ಮ.

ಅವಳಿಗೆ ನಗು ಬಂತು, ಜೊತೆಗೆ ಆಪರೇಷನ್ನಿಗೆಂದು ಹೊಟ್ಟೆಗೆ ಕೊರೆದಿದ್ದ ಐದೂ ತೂತು ಚುರುಕ್ ಎಂದವು. "ಅಯ್ಯೋ... ನಗಿಸಬೇಡಿ ಟೀಚರ್, ಹೊಲಿಗೆ ಬಿಚ್ಚುತ್ತೆ!"

"ಬಿಚ್ಚಿದ್ರೆ ಏನಂತೆ, ಹೊಲಿಯೋರು ನೀವೇ ಇದ್ದೀರಲ್ಲ," ಎಂದ ಅವನು ಮೆಲ್ಲಗೆ.

ಅವಳು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಅವನ ಅಂಗಿಯ ಜೇಬು ಸ್ಕ್ರೂಡ್ರೈವರ್ ಚುಚ್ಚಿ ಚುಚ್ಚಿ ಹರಿದು ಜೋತುಬಿದ್ದಿತ್ತು. 'ಇದಕ್ಕೊಂದು ಒಳಪಟ್ಟಿ ಕೊಡಬೇಕು,' ಎಂದು ಅವಳ ಬೆರಳು ಯೋಚಿಸಿತು. ಬೆರಳು ಮಾತ್ರವೇ?

* * *

ಎರಡನೇ ದಿನ ಎಲ್ಲಕ್ಕಿಂತ ಕಷ್ಟದ್ದು.

ಔಷಧದ ಪುಟ್ಟ ಲೋಟದಲ್ಲಿ ಮೂವತ್ತು ಎಂ.ಎಲ್. ನೀರು. ಅದನ್ನು ಹದಿನೈದು ನಿಮಿಷ ಗುಟುಕರಿಸಬೇಕು. ಒಂದು ಗುಟುಕು ಜಾಸ್ತಿಯಾದರೂ ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗೆ. ಹೊರಗಡೆ ಯಾರಿಗೋ ಊಟದ ತಟ್ಟೆ ಹೋಯಿತು. ವಾಸನೆ ಬಂತು.

ಹಸಿವೆಯೇ ಇರಲಿಲ್ಲ. ಆದರೂ ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

"ಯಾಕೆ ಮಾಡಿಸ್ಕೊಂಡೆ ನಾನು ಇದನ್ನ? ಬೇಜಾರಾದ್ರೂ ತಿಂತಿದ್ದೆ, ಖುಷಿಯಾದ್ರೂ ತಿಂತಿದ್ದೆ. ಇನ್ನು ಬೇಜಾರಾದ್ರೆ ಏನ್ಮಾಡ್ಲಿ?"

ಟೀಚರಮ್ಮ ನಿದ್ದೆಯಲ್ಲಿದ್ದರು. ಅವನು ಕುರ್ಚಿ ಎಳೆದುಕೊಂಡು ಕೂತ. ಬುದ್ಧಿ ಹೇಳಲಿಲ್ಲ. 'ಎಲ್ಲ ಸರಿಹೋಗುತ್ತೆ' ಎನ್ನಲಿಲ್ಲ.

"ಅಳಿ," ಎಂದ. "ಆದ್ರೆ ಒಂದು ಗುಟುಕು, ಒಂದು ಅಳು. ಟೈಮ್ ನಾನು ನೋಡ್ಕೊಳ್ತೀನಿ."

ಅವಳು ಅತ್ತಳು. ಅವನು ಗಡಿಯಾರ ನೋಡುತ್ತ ಕೂತ. ಮೂರು ಲೋಟ ಮುಗಿಯುವ ಹೊತ್ತಿಗೆ ಅವಳು ತನ್ನ ಅಂಗಡಿಯ ಕಥೆ ಹೇಳುತ್ತಿದ್ದಳು, ಅವನು ಲಿಫ್ಟಿನ ಬಾವಿಯಲ್ಲಿ ಹಗ್ಗ ಹಿಡಿದು ನೇತಾಡುವ ಕಥೆ ಹೇಳುತ್ತಿದ್ದ.

"ಹೆದರಿಕೆ ಆಗಲ್ವಾ?"

"ಆಗುತ್ತೆ. ಹೆದರಿಕೆ ಇರೋನೇ ಹಗ್ಗ ಎರಡು ಸಲ ನೋಡೋದು."

ಅವನು ಅವರಿಬ್ಬರ ಎದುರು ಒಮ್ಮೆಯೂ ಏನನ್ನೂ ತಿಂದಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಕೆಳಗೆ ಹೋಗಿ ತಿಂದು, ಬಾಯಿ ಮುಕ್ಕಳಿಸಿಯೇ ಬರುತ್ತಿದ್ದ.

'ಇಂಥವರೂ ಇರ್ತಾರಾ...?'

ಮನಸ್ಸು ಹಗುರಾಯಿತು. ಯಾವ ತಕ್ಕಡಿಗೂ ಕಾಣದಷ್ಟು, ಆದರೂ ಹಗುರ!

* * *

ಮೂರನೇ ದಿನ ಬೆಳಗ್ಗೆ ಅವಳು ಒಬ್ಬಳೇ ಕಾರಿಡಾರಿನಲ್ಲಿ ನಾಲ್ಕು ಸುತ್ತು ಹಾಕಿದಳು. ಆ ಹೆಮ್ಮೆಯನ್ನು ಹೇಳಿಕೊಳ್ಳಲೆಂದೇ ಕೋಣೆಯ ಕಡೆ ಬಂದಳು. ಬಾಗಿಲು ಅರ್ಧ ತೆರೆದಿತ್ತು.

"ಹಿಡಿಸಿದ್ದಾಳೆ ತಾನೇ? ನಾನೇ ಕೇಳ್ಲಾ ಅವಳನ್ನ?" ಟೀಚರಮ್ಮನ ದನಿ.

ಅವಳ ಕೈ ಬಾಗಿಲಿನಿಂದ ಹಿಂದೆ ಸರಿಯಿತು.

"ಈಗ ಬೇಡಮ್ಮ," ಅವನ ದನಿ. "ಆರು ತಿಂಗಳು ಹೋಗಲಿ. ಮೈ ಒಂದು ಹದಕ್ಕೆ ಬರಲಿ. ಆಮೇಲೆ ನೋಡೋಣ."

ಗೋಡೆ ಹಿಡಿದು ನಿಂತಳು.

ಆರು ತಿಂಗಳು! ಈ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು. ಎರಡು ವರ್ಷ ಜೊತೆಗೆ ಓಡಾಡಿದ ಒಬ್ಬ, ಮದುವೆಯ ಮಾತು ಬಂದಾಗ ಅವಳನ್ನು ಮೇಲಿಂದ ಕೆಳಗೆ ನೋಡಿ, 'ಆರು ತಿಂಗಳಲ್ಲಿ ತೂಕ ಇಳಿಸು, ಆಮೇಲೆ ಮನೇಲಿ ಹೇಳ್ತೀನಿ' ಎಂದಿದ್ದ. ತೂಕ ಇಳಿಯಲಿಲ್ಲ. ಅವನು ಮತ್ತೆ ಬರಲಿಲ್ಲ.

'ಇವನೂ ಅಷ್ಟೇ! ಹೊಲಿಗೆ ಮುಗಿದ ಮೇಲೆ ಬಂದು ಬಟ್ಟೆ ನೋಡೋ ಗಿರಾಕಿ!'

ಅವಳು ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಚೀಲ ತುಂಬಿದಳು.

"ಏನಾಯ್ತು? ನೋವು ಜಾಸ್ತಿ ಆಯ್ತಾ?" ಅವನು ಗಾಬರಿಯಾಗಿ ಕೇಳಿದ.

"ಏನಿಲ್ಲ. ಇವತ್ತು ಡಿಸ್ಚಾರ್ಜ್, ನಮ್ಮಕ್ಕ ಬರ್ತಾಳೆ. ನೀವು ಮಾಡಿದ್ದಕ್ಕೆಲ್ಲ ಥ್ಯಾಂಕ್ಸ್."

ಆ 'ಥ್ಯಾಂಕ್ಸ್' ಬಾಗಿಲು ಮುಚ್ಚಿದ ಹಾಗಿತ್ತು.

* * *

ಅಕ್ಕನ ಮನೆಯಲ್ಲಿ ದಿನಗಳು ತೆವಳಿದವು. ಟೀಚರಮ್ಮನ ಫೋನು ದಿನಕ್ಕೆರಡು ಸಲ ಬಡಿದು ಬಡಿದು ಸುಮ್ಮನಾಗುತ್ತಿತ್ತು. ಅಕ್ಕ ತಂದಿಟ್ಟ ತಿಳಿ ಸಾರು ಆರಿ ತಣ್ಣಗಾಗುತ್ತಿತ್ತು. ನೀರಿನ ಲೋಟ ತುಂಬಿದ್ದು ತುಂಬಿದ ಹಾಗೇ.

"ಕುಡಿಯೇ! ಲೆಕ್ಕ ಹಾಕಿ ಕುಡಿಬೇಕು ಅಂದಿದ್ದಾರೆ!"

"ಆಮೇಲೆ ಕುಡೀತೀನಕ್ಕ."

"ಹೊಟ್ಟೆ ಚಿಕ್ಕದು ಮಾಡಿದ್ರು, ಹಟ ಮಾತ್ರ ಇದ್ದಷ್ಟೇ ಬಿಟ್ಟಿದ್ದಾರೆ ನಿನಗೆ!" ಅಕ್ಕ ರೇಗಿದಳು. ಆಮೇಲೆ ಪಕ್ಕದಲ್ಲಿ ಕೂತು ತಂಗಿಯ ಕೂದಲು ಬಿಡಿಸುತ್ತ, "ಯಾರಾದ್ರೂ ಏನಾದ್ರೂ ಅಂದ್ರಾ?" ಎಂದಳು.

ಅವಳ ಕಣ್ಣು ಉತ್ತರಿಸಿತು.

ಆಪರೇಷನ್ ಆದ ಎಂಟನೇ ದಿನ ಅಕ್ಕ ಅವಳನ್ನು ತಪಾಸಣೆಗೆ ಕರೆತಂದಳು. ಡಾಕ್ಟರರ ಕೋಣೆಯ ಹೊರಗೆ ಸಾಲು ಕುರ್ಚಿ. ಅಲ್ಲಿ ಟೀಚರಮ್ಮ ಕೂತಿದ್ದರು, ಪಕ್ಕದಲ್ಲಿ ಅವನು. ಅವಳನ್ನು ಕಂಡೊಡನೆ ಎದ್ದು ನಿಂತ.

ಅವಳು ತಿರುಗಿ ಹೊರಟುಬಿಡಬೇಕೆಂದುಕೊಂಡಳು. ಎರಡು ಹೆಜ್ಜೆ ಇಟ್ಟಳು. ನೆಲ ಓಲಾಡಿತು, ದೀಪಗಳೆಲ್ಲ ಕಪ್ಪಾದವು...

ಕಣ್ಣು ಬಿಟ್ಟಾಗ ಮಂಚದ ಮೇಲಿದ್ದಳು. ಕೈಗೆ ಡ್ರಿಪ್ ಏರಿಸಿದ್ದರು.

"ಮೈಯಲ್ಲಿ ನೀರೇ ಇಲ್ಲ! ಏನಮ್ಮಾ ಇದು?" ಡಾಕ್ಟರು ಗದರಿದರು. ಕಾಗದ ತಿರುವಿ ನೋಡಿ ಸ್ವಲ್ಪ ಮೆತ್ತಗಾದರು. "ಹೊಲಿಗೆ ಚೆನ್ನಾಗಿ ಮಾಯ್ತಾ ಇದೆ. ಸಕ್ಕರೆ ಇಳಿದಿದೆ, ಒಂದು ಮಾತ್ರೆ ನಿಲ್ಲಿಸ್ತೀನಿ. ನಿಮ್ಮ ದೇಹ ತನ್ನ ಕೆಲಸ ಮಾಡ್ತಿದೆ. ನೀವು ನಿಮ್ಮ ಕೆಲಸ ಮಾಡಿ."

ಡಾಕ್ಟರು ಹೋದರು. ಟೀಚರಮ್ಮ ಮಂಚದ ಅಂಚಿಗೆ ಕೂತರು.

"ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀನಿ ಕಣಮ್ಮ. ಮುಖ ನೋಡಿದ್ರೆ ಎಲ್ಲಿ ಲೆಕ್ಕ ತಪ್ಪಿದೆ ಅಂತ ಗೊತ್ತಾಗುತ್ತೆ. ಹೇಳು. ಫೋನ್ ಯಾಕೆ ಎತ್ತಲಿಲ್ಲ?"

ಅವಳು ಬಾಗಿಲ ಬಳಿ ನಿಂತಿದ್ದವನನ್ನು ನೋಡಿದಳು. ಇಷ್ಟು ದಿನ ನುಂಗಿಕೊಂಡಿದ್ದು ಹೊರಬಿತ್ತು.

"ಆರು ತಿಂಗಳು ಆಗ್ಲಿ ಅಂತ! ಮೈ ಹದಕ್ಕೆ ಬರಲಿ ಅಂತ! ಆಮೇಲೆ ಬಂದು ನೋಡ್ತಾರಂತಲ್ಲ ನಿಮ್ಮ ಮಗ!"

 ಟೀಚರಮ್ಮ ಮಗನ ಕಡೆ ನೋಡಿದರು. ಆಮೇಲೆ ಅಕ್ಕನ ಕೈ ಹಿಡಿದು, "ಬಾಮ್ಮ, ನಾವು ಹೊರಗೆ ಕೂರೋಣ," ಎಂದು ಎದ್ದರು.

ಅವನು ಹತ್ತಿರ ಬಂದ. ಮುಖ ಬಿಳಿಚಿಕೊಂಡಿತ್ತು.

"ಕೇಳಿಸ್ಕೊಂಡ್ರಾ..." ಎಂದ. "ಆ ಮಾತು ನನ್ನದೇ, ಇಲ್ಲ ಅನ್ನಲ್ಲ. ಆದ್ರೆ ನಾನು ತೂಕದ ಮಾತು ಆಡಲಿಲ್ಲ. ಹೊಟ್ಟೆ ಕೊಯ್ಸಿಕೊಂಡು ಮೂರು ದಿನ ಆಗಿತ್ತು ನಿಮಗೆ. ಒಂದು ಲೋಟ ನೀರಿಗೆ ಒದ್ದಾಡ್ತಿದ್ರಿ. ಅಂಥ ಹೊತ್ತಲ್ಲಿ 'ನನ್ನ ಮದುವೆ ಆಗ್ತೀರಾ' ಅಂತ ಕೇಳೋದು ನ್ಯಾಯಾನಾ? ನಾನು ಪಕ್ಕದಲ್ಲಿ ಕೂತೆ ಅನ್ನೋ ಹಂಗಿಗೆ ನೀವು ಹೂಂ ಅಂದುಬಿಟ್ರೆ? ಮೈಗೆ ಶಕ್ತಿ ಬರಲಿ, ನೇರ ನಿಂತು 'ಆಗಲ್ಲ ಹೋಗಯ್ಯಾ' ಅನ್ನೋ ಹಾಗಾಗಲಿ, ಆಮೇಲೆ ಕೇಳೋಣ ಅಂದ್ಕೊಂಡೆ."

ಅವಳು ಹಿಂದೆ ಆರು ತಿಂಗಳ ಗಡುವು ಕೊಟ್ಟವನ ಕಥೆಯನ್ನು ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ.

"ಆರು ತಿಂಗಳು ಬಿಟ್ಟು ನೀವು ಬಂದಿದ್ರೆ," ಅವಳೆಂದಳು, "ತೆಳ್ಳಗಾದವಳನ್ನ ಕೇಳೋಕೆ ಬಂದ್ರೋ, ನನ್ನನ್ನ ಕೇಳೋಕೆ ಬಂದ್ರೋ... ಸಾಯೋವರೆಗೂ ನನಗೆ ಗೊತ್ತಾಗ್ತಿರಲಿಲ್ಲ."



"ಹೌದು. ಅದು ನನಗೆ ಹೊಳೀಲೇ ಇಲ್ಲ," ಎಂದ ಅವನು. "ಹಾಗಾದ್ರೆ ಈಗಲೇ ಕೇಳ್ತೀನಿ. ಮದುವೆ ಆಗ್ತೀರಾ ನನ್ನ?"

"ಈಗ್ಲೇನಾ?!" ಅವಳು ಕೂದಲು ಮುಟ್ಟಿಕೊಂಡಳು. ಒಡೆದ ತುಟಿ, ಒಣಗಿದ ಮುಖ, ಕೈತುಂಬ ಸೂಜಿ ಚುಚ್ಚಿದ ನೀಲಿ ಕಲೆ. "ನನ್ನ ಅವಸ್ಥೆ ನೋಡಿದ್ರಾ?"

"ನೋಡ್ತಾನೇ ಇದೀನಿ. ಅದಕ್ಕೇ ಈಗ ಕೇಳ್ತಿರೋದು."

"ಕೂದಲು ಉದುರುತ್ತಂತೆ."

"ಸರಿ."

"ಚರ್ಮ ಜೋತುಬೀಳುತ್ತಂತೆ. ಒಂದು ದಿನ ತೂಕ ಮತ್ತೆ ಏರಿದ್ರೂ ಏರಬಹುದು."

"ಏರಲಿ. ಇಳೀಲಿ. ಏರೋದು ಇಳಿಯೋದು ನನಗೇನು ಹೊಸದಲ್ಲ."

ಅವಳಿಗೆ ನಗು ಉಕ್ಕಿತು. ಈ ಸಲ ಹೊಟ್ಟೆ ನೋಯಲಿಲ್ಲ!

"ಉತ್ತರ ಇವತ್ತೇ ಬೇಕಾ?"

"ಬೇಡ. ನೀವು ಎದ್ದು ಓಡಾಡೋ ಹಾಗಾದ ಮೇಲೆ ಹೇಳಿ. ಬೇಡ ಅನ್ನೋದಾದ್ರೂ ಜೋರಾಗಿ ಅನ್ನಿ."

"ಹೂಂ ಅನ್ನೋದಾದ್ರೆ?"

ಅವನು ಕಿವಿಯವರೆಗೂ ಕೆಂಪಾಗಿದ್ದ. ಇಪ್ಪತ್ತು ಮಹಡಿಯ ಬಾವಿಯಲ್ಲಿ ಹಗ್ಗಕ್ಕೆ ನೇತಾಡುವವನು ಈಗ ಮಂಚದ ಕಂಬಿ ಹಿಡಿದು ನಿಂತಿದ್ದ.

ಅವಳು ಡ್ರಿಪ್ ಇಲ್ಲದ ಕೈಯನ್ನು ಮೆಲ್ಲಗೆ ಸರಿಸಿ ಅವನ ಕೈ ಮೇಲಿಟ್ಟಳು. ಒರಟು ಕೈ. ಬೆಚ್ಚಗಿತ್ತು.

"ಎಷ್ಟು ಹೊತ್ತು ಇರ್ತೀರಿ ಇವತ್ತು?"

"ಈ ಬಾಟಲಿ ಮುಗಿಯೋವರೆಗೂ."

ಅಷ್ಟರಲ್ಲಿ ನರ್ಸ್ ಒಳಗೆ ಬಂದು ಡ್ರಿಪ್ ನೋಡಿದಳು. ಆದರೂ ಇವಳು ಅವನ ಕೈ ಬಿಡಲಿಲ್ಲ.

"ಸಿಸ್ಟರ್... ಇದನ್ನ ಸ್ವಲ್ಪ ನಿಧಾನ ಮಾಡೋಕಾಗುತ್ತಾ?"