ಗೆಲ್ಲುವ ಆಟ ಬಿಟ್ಟ ದೊಡ್ಡಪ್ಪ

“ಶೂ ಬಿಚ್ಚು ಚಿಣ್ಣಿ. ಇವತ್ತು ಸ್ಕೂಲಿಗೆ ಹೋಗೋದು ಬೇಡ.”

ಅಮ್ಮ ಬಾಗಿಲ ಬಳಿ ನಿಂತಿದ್ದಳು. ಫೋನು ಇನ್ನೂ ಕೈಯಲ್ಲೇ ಇತ್ತು. ಚಿಣ್ಣಿ ಒಂದು ಕಾಲಿಗೆ ಶೂ ಹಾಕಿದ್ದಳು. ಇನ್ನೊಂದರ ಲೇಸು ಗಂಟು ಬಿದ್ದಿತ್ತು.

“ಯಾಕಮ್ಮ? ರಜಾನಾ?”

“ದೊಡ್ಡಪ್ಪ ಹೋಗ್ಬಿಟ್ರು ಕಣೇ.”

“ಎಲ್ಲಿಗೆ? ಆಸ್ಪತ್ರೆಯಿಂದ ಮನೆಗಾ?”

ಅಮ್ಮ ಕೆಳಗೆ ಕುಳಿತು ಲೇಸಿನ ಗಂಟು ಬಿಡಿಸತೊಡಗಿದಳು. ಅವಳ ಬೆರಳ ಮೇಲೆ ಒಂದು ಹನಿ ಬಿತ್ತು. ಮತ್ತೊಂದು ಬಿತ್ತು. ಆಗ ಚಿಣ್ಣಿಗೆ ತಿಳಿಯಿತು, ಕೆಲವು ಸಲ ಹೋದವರ ಬಗ್ಗೆ ಎಲ್ಲಿಗೆ ಎಂದು ಕೇಳಬಾರದು.

ಅವಳಿಗೆ ಅಳು ಬರಲಿಲ್ಲ. ನಿನ್ನೆ ಸಂಜೆ ತಾನು ದೊಡ್ಡಪ್ಪನಿಗೆ ಬರೆದ ಮಾತು ನೆನಪಿಗೆ ಬಂದಿತ್ತು.

ದೊಡ್ಡಪ್ಪ ಸಿಟಿ ಬಸ್ಸಿನ ಡ್ರೈವರ್. ಅವರೂ ಚಿಣ್ಣಿಯೂ ಫೋನಿನಲ್ಲಿ ಚೆಸ್ ಆಡುತ್ತಿದ್ದರು. ಟ್ರಿಪ್ಪು ಮುಗಿಸಿ ಬಸ್ಸು ನಿಲ್ಲಿಸಿದಾಗ ಅವರು ಒಂದು ಕಾಯಿ ನಡೆಸುವರು. ಸ್ಕೂಲಿನಿಂದ ಬಂದ ಮೇಲೆ ಅಮ್ಮನ ಫೋನಿನಲ್ಲಿ ಇವಳು ಒಂದು ನಡೆಸುವಳು. ಹೀಗೆ ಒಂದೊಂದು ಆಟವೂ ವಾರಗಟ್ಟಲೆ ನಡೆಯುತ್ತಿತ್ತು. ಮಾತೆತ್ತಿದರೆ “ಚೆಕ್, ಚೆಕ್” ಎನ್ನುವ ಅವಳಿಗೆ ದೊಡ್ಡಪ್ಪ ‘ಚೆಕಿಂಗ್ ಮೇಡಂ’ ಎಂದು ಹೆಸರಿಟ್ಟಿದ್ದರು. ಬಸ್ಸಿಗೆ ಹತ್ತಿ ಟಿಕೆಟ್ ತಪಾಸಣೆ ಮಾಡುವವರ ಹೆಸರು ಅದು.

ಮೊದಮೊದಲು ಒಂದು ಕುದುರೆ ಹೋದರೆ ಸಾಕು, ಚಿಣ್ಣಿ ಆಟ ಬಿಡುವ ‘ರಿಸೈನ್’ ಗುಂಡಿ ಒತ್ತಿ ಎದ್ದುಬಿಡುತ್ತಿದ್ದಳು. ಒಂದು ದಿನ ದೊಡ್ಡಪ್ಪ ಫೋನ್ ಮಾಡಿದರು.

“ಏನ್ ಚೆಕಿಂಗ್ ಮೇಡಂ, ಟಯರ್ ಪಂಕ್ಚರ್ ಆದ ಕೂಡ್ಲೆ ಬಸ್ಸನ್ನ ರೋಡಲ್ಲೇ ಬಿಟ್ಟು ಓಡ್ಹೋಗ್ತೀರಾ?”

“ಹೇಗೂ ಸೋಲ್ತಿದ್ನಲ್ಲ ದೊಡ್ಡಪ್ಪ!”

“ಸೋಲು. ಆದ್ರೆ ನಂಗೆ ಗೆಲ್ಲೋಕಾದ್ರೂ ಬಿಡು ಮಾರಾಯ್ತಿ. ಅಷ್ಟು ತಲೆ ಕೆಡಿಸ್ಕೊಂಡು ಆಡಿದೀನಿ. ಬಡಿಸ್ತಾ ಇರೋವಾಗ್ಲೇ ಊಟಕ್ಕೆ ಕೂತೋರು ಎದ್ದು ಹೋದ್ರೆ ಹೇಗಿರುತ್ತೆ?”

“ಹಾಗಾದ್ರೆ ಬಿಡ್ಲೇಬಾರ್ದಾ?”

“ಬಿಡ್ಬಹುದು. ಆಟದಲ್ಲಿ ಜೀವ ಇಲ್ಲ ಅಂತ ಗೊತ್ತಾದ್ಮೇಲೆ ಸುಮ್ನೆ ಎಳೀಬಾರ್ದು. ಎದುರಿಗಿರೋರನ್ನ ಕಾಯಿಸ್ಬಾರ್ದು. ಅದೂ ಮರ್ಯಾದೆನೇ.”

“ಜೀವ ಇಲ್ಲ ಅಂತ ಹೇಗೆ ಗೊತ್ತಾಗುತ್ತೆ?”

“ಆಡ್ತಾ ಆಡ್ತಾ ಗೊತ್ತಾಗುತ್ತೆ ಬಿಡು.”

ಅಂದಿನಿಂದ ಚಿಣ್ಣಿ ಪಟ್ಟು ಹಿಡಿದು ಆಡಿದಳು. ಅಪರೂಪಕ್ಕೆ ಗೆದ್ದಳು ಕೂಡ. ಆಗೆಲ್ಲ ದೊಡ್ಡಪ್ಪ “ಗೆದ್ದೆ ಕಣೇ ನೀನು!” ಎಂದು ಬರೆಯುತ್ತಿದ್ದರು.

ಅವರು ಆಸ್ಪತ್ರೆ ಸೇರಿದ ಮೇಲೂ ಆಟ ನಿಲ್ಲಲಿಲ್ಲ. ಈ ಸಲ ಚಿಣ್ಣಿಯ ಮಂತ್ರಿ ಹೋಗಿತ್ತು. ಆನೆಗಳೂ ಹೋಗಿದ್ದವು. ದೊಡ್ಡಪ್ಪ ಇನ್ನೊಂದು ನಡೆ ಸರಿಯಾಗಿ ನಡೆಸಿದರೆ ಅವಳ ರಾಜ ಸಿಕ್ಕಿಬೀಳುತ್ತಿದ್ದ. ಆದರೆ ನಿನ್ನೆ ಸಂಜೆ ಫೋನು ತೆರೆದು ನೋಡಿದರೆ, ‘ನೀವು ಗೆದ್ದಿರಿ. ಎದುರಾಳಿ ಆಟ ಬಿಟ್ಟಿದ್ದಾರೆ’ ಎಂದಿತ್ತು. ಕೆಳಗೆ ದೊಡ್ಡಪ್ಪನ ಮೆಸೇಜು: “ಸೋತೆ ಮಗಳೇ.”

ಚಿಣ್ಣಿಗೆ ಎಲ್ಲಿಲ್ಲದ ಸಿಟ್ಟು ಬಂತು. ಗೆಲ್ಲುವ ಆಟ ಬಿಟ್ಟು ಸೋತೆ ಎನ್ನುವುದೇ? ತಾನೇನು ಎಳೆ ಮಗುವೇ? ಕೂಡಲೇ ಬರೆದಳು: “ಸುಳ್ಳು! ನೀವು ಸೋತಿಲ್ಲ. ಬೇಕಂತ್ಲೇ ಬಿಟ್ಕೊಟ್ರಿ. ಹೋಗಿ, ಇನ್ಮೇಲೆ ನಿಮ್ಮ ಜೊತೆ ಆಡಲ್ಲ.”

ಹೋಗಿ ಎಂದು ಬರೆದಿದ್ದಳು. ದೊಡ್ಡಪ್ಪ ಹೋಗಿಬಿಟ್ಟಿದ್ದರು.

ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ.

ದೊಡ್ಡಪ್ಪನ ಮನೆಯ ಮುಂದೆ ಡಿಪೋದವರೆಲ್ಲ ಸೇರಿದ್ದರು. ಯೂನಿಫಾರ್ಮಿನಲ್ಲೇ ಬಂದಿದ್ದ ಕಂಡಕ್ಟರ್ ಮಾಮ ಚಿಣ್ಣಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

“ನೀನೇನಾ ಆ ಚೆಕಿಂಗ್ ಮೇಡಂ? ‘ಲೋ, ಟೀ ಆರ್ತಿದೆ ಕುಡಿಯೋ’ ಅಂದ್ರೆ ನಿಮ್ಮ ದೊಡ್ಡಪ್ಪ, ‘ಇರೋ, ನಮ್ಮ ಹುಡುಗಿ ನನ್ನ ಕುದುರೆಗೆ ಗಾಳ ಹಾಕಿದಾಳೆ’ ಅನ್ನೋನು. ನಿನ್ನಿಂದ ಎಷ್ಟು ಟೀ ತಣ್ಣಗಾಯ್ತೋ, ದೇವ್ರಿಗೇ ಗೊತ್ತು!”

ಮಾಮ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಮುಖವನ್ನು ಆಚೆ ತಿರುಗಿಸಿಕೊಂಡರು.

ಚಿಣ್ಣಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಒಳಗೆ ಹೋದಳು.

ಎಲ್ಲ ಮುಗಿದು ಜನ ಒಬ್ಬೊಬ್ಬರಾಗಿ ಹೊರಟರು. ಒಳಕೋಣೆಯಲ್ಲಿ ದೊಡ್ಡಮ್ಮ ಆಸ್ಪತ್ರೆಯಿಂದ ತಂದ ಚೀಲ ಬಿಚ್ಚುತ್ತಿದ್ದರು. ಟವೆಲ್ಲು, ಲೋಟ, ಚಮಚ, ಕನ್ನಡಕ, ಕೊನೆಗೆ ದೊಡ್ಡಪ್ಪನ ಫೋನು. ಚಿಣ್ಣಿ ಬಾಗಿಲಲ್ಲೇ ನಿಂತಳು.

“ದೊಡ್ಡಮ್ಮ, ನಿನ್ನೆ ಸಂಜೆ ದೊಡ್ಡಪ್ಪ ಫೋನ್ ನೋಡಿದ್ರಾ?”

“ನೋಡ್ದೆ ಇರ್ತಾರಾ? ‘ಫೋನ್ ಕೊಡೇ, ಫೋನ್ ಕೊಡೇ’ ಅಂತ ಒಂದೇ ಸಮ. ಕೊಟ್ರೆ ಹಿಡ್ಕೊಳ್ಳೋಕಾಗ್ತಿರ್ಲಿಲ್ಲ. ಕೈ ಸೋತುಹೋಗಿತ್ತು ಕಣೇ. ಈ ಚಮಚನೂ ಕೈಲಿ ನಿಲ್ತಿರ್ಲಿಲ್ಲ. ನಾನೇ ಫೋನ್ ಹಿಡ್ಕೊಂಡೆ, ಅವ್ರು ಒಂದು ಬೆರಳಲ್ಲಿ ಒತ್ತಿದ್ರು. ‘ಸುಮ್ನೆ ಮಲಗಿಬಿಟ್ರೆ ಮಗು ದಿನಾ ಫೋನ್ ತೆಗೆದು ನೋಡ್ತಾ ಕೂತಿರುತ್ತೆ, ಪಾಪ, ಕಾಯಿಸ್ಬಾರ್ದು’ ಅಂದ್ರು.”

ಸೋತುಹೋಗಿತ್ತು. ಚಿಣ್ಣಿ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಕೈ ಸೋಲುತ್ತದೆ. ಕಾಲು ಸೋಲುತ್ತದೆ. ಮನುಷ್ಯರೂ ಸೋಲುತ್ತಾರೆ. ದೊಡ್ಡಪ್ಪ ಆಟದ ಮಾತು ಬರೆದಿರಲಿಲ್ಲ. ಸುಳ್ಳನ್ನೂ ಹೇಳಿರಲಿಲ್ಲ.

“ಆಮೇಲೆ ಫೋನು ಟಿಣ್ ಅಂತು,” ಎಂದರು ದೊಡ್ಡಮ್ಮ. “ನೀನೇ ಬರ್ದಿರ್ಬೇಕು ಅನ್ಕೊಂಡೆ. ಅಷ್ಟೊತ್ತಿಗೆ ಅವ್ರಿಗೆ ನಿದ್ದೆ ಹತ್ತಿತ್ತು. ಎದ್ಮೇಲೆ ಓದಿ ಹೇಳೋಣ ಅಂತ ಸುಮ್ನಾದೆ. ಏಳ್ಲೇ ಇಲ್ಲ. ಏನ್ ಬರ್ದಿದ್ದೆ ಮಗಳೇ?”

‘ಬೇಗ ಬನ್ನಿ ಅಂತ ಬರೆದಿದ್ದೆ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಿಣ್ಣಿ ಅದನ್ನು ನುಂಗಿಕೊಂಡಳು.

“ಬೈದಿದ್ದೆ ದೊಡ್ಡಮ್ಮ. ಗೆಲ್ಲೋ ಆಟ ಬಿಟ್ರಲ್ಲ ಅಂತ. ‘ಹೋಗಿ’ ಅಂತ ಬರ್ದುಬಿಟ್ಟೆ. ನಾನು ಹಾಗಂದಿದ್ದಕ್ಕೇ ಅವ್ರು...”

ಅದುವರೆಗೆ ಬಾರದ ಅಳು ಒಮ್ಮೆಲೇ ಉಕ್ಕಿ ಬಂತು. ದೊಡ್ಡಮ್ಮ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡರು.

“ಅಯ್ಯೋ ಹುಚ್ಚಿ! ಮಾತು ಕೇಳಿ ಹೋಗೋರಾಗಿದ್ರೆ, ಮಾತು ಕೇಳಿ ಇರ್ಬೇಕಿತ್ತಲ್ಲ? ಇರಿ, ಇರಿ ಅಂತ ನಾನೆಷ್ಟು ಸಲ ಹೇಳಿದೀನಿ ಗೊತ್ತಾ?”

ಚಿಣ್ಣಿ ತಲೆಯೆತ್ತಿ ನೋಡಿದಳು.

“ಬೈದ್ರೆ ಏನಾಯ್ತೀಗ? ನಾನೂ ಬೆಳಗ್ಗಿಂದ ಬೈತಾನೇ ಇದೀನಿ,” ಎಂದು ದೊಡ್ಡಮ್ಮ ಸೆರಗಿನಿಂದ ಮೊದಲು ಅವಳ ಮುಖ ಒರೆಸಿ, ಆಮೇಲೆ ತಮ್ಮದನ್ನು ಒರೆಸಿಕೊಂಡರು.

ಕಿಟಕಿಯ ಬೆಳಕು ಮೆಲ್ಲನೆ ಕಡಿಮೆಯಾಯಿತು. ಬೇಡದ ಮಾತು ದೊಡ್ಡಪ್ಪನಿಗೆ ಮುಟ್ಟಿರಲಿಲ್ಲ. ಆದರೆ ಹೇಳಬೇಕಾದ ಮಾತೂ ಇನ್ನು ಮುಟ್ಟುವುದಿಲ್ಲ ಎಂದು ಚಿಣ್ಣಿಗೆ ಅನಿಸಿತು.

“ಈಗ ಅವ್ರಿಗೆ ಏನಾದ್ರೂ ಹೇಳ್ಬೇಕು ಅಂದ್ರೆ ಹೇಗೆ ದೊಡ್ಡಮ್ಮ?”

“ಇನ್ಮೇಲೆ ದೇವರ ಹತ್ರ ಹೇಳ್ಬೇಕು ಕಣೇ. ಅವನು ತಲುಪಿಸ್ತಾನೆ.”

ಚಿಣ್ಣಿ ಕಣ್ಣು ಮುಚ್ಚಿದಳು. ದೊಡ್ಡಮ್ಮನೂ ಮುಚ್ಚಿದರು. ಚಿಣ್ಣಿಯ ತುಟಿ ಮಾತ್ರ ಅಲುಗುತ್ತಿತ್ತು.

“ದೇವರೇ, ನಮ್ಮ ದೊಡ್ಡಪ್ಪ ನಿನ್ನ ಹತ್ರ ಬಂದಿದಾರೆ. ತುಂಬ ದಣಿದಿದಾರೆ. ಅವ್ರನ್ನ ಎಬ್ಬಿಸ್ಬೇಡ, ಚೆನ್ನಾಗಿ ನಿದ್ದೆ ಮಾಡ್ಲಿ. ಅವ್ರ ಕೈ ನೀನು ಹಿಡ್ಕೊಂಡಿರು. ಅವ್ರಿಗೆ ಶಾಂತಿ ಕೊಡು.”