ಪ್ರಣವನಿಗೆ ಕರಿ ಎರೆದ ದಿನ

"ಸ್ನೇಹಲ್, ದಾರ ಉಘಡ ನಾ!"

ಬಾಗಿಲು ತೆಗಿ ಎಂದು ಮರಾಠಿಯಲ್ಲಿ ಕೂಗುತ್ತಿದ್ದವಳು ಪಕ್ಕದ ಮನೆಯ ತೃಪ್ತಿ. ಅವಳ ಹಿಂದೆ ಇನ್ನೂ ಆರೇಳು ಗಂಟಲುಗಳು. ಬೆಲ್ ಅಂತೂ ಒತ್ತಿದ್ದೇ ಒತ್ತಿದ್ದು.

ಸ್ನೇಹಲ್ ಗಡಿಯಾರ ನೋಡಿದಳು. ನಾಲ್ಕು ಗಂಟೆ. ಒಂದು ದಿನವೂ ಸ್ಕೂಲ್ ಬಸ್ಸಿಗೆ ಟೈಮಿಗೆ ಬಾರದ ಮಹಾಶಯರು ಇವತ್ತು ಸರಿಯಾಗಿ ನಾಲ್ಕಕ್ಕೇ ಬಂದು ನಿಂತಿದ್ದರು!

"ಯಾರವರು?" ಒಳಕೋಣೆಯಿಂದ ಅವ್ವ ಸುಮಂಗಲಾ ಕೇಳಿದಳು.

ಸ್ನೇಹಲ್ ಬಾಗಿಲು ತೆಗೆಯಲಿಲ್ಲ. ಮೆಲ್ಲಗೆ ಒಳಗೆ ಹೋದಳು.

ಹತ್ತು ತಿಂಗಳ ತಮ್ಮ ಪ್ರಣವ ದಿಂಬಿಗೆ ಒರಗಿ ಕೂತಿದ್ದ. ಅವನಿಗೆ ನುಂಗಲು ಬರುವುದಿಲ್ಲ. ಬಾಯಿಗೆ ಹಾಕಿದ ಹಾಲು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಡಾಕ್ಟರು ಅವನ ಹೊಟ್ಟೆಗೆ ಒಂದು ಸಣ್ಣ ನಳಿಕೆ ಕೂರಿಸಿದ್ದಾರೆ. ಆ ನಳಿಕೆಗೆ ದೊಡ್ಡ ಸಿರಿಂಜ್ ಸಿಕ್ಕಿಸಿ, ಅವ್ವ ಅದನ್ನು ಎತ್ತಿ ಹಿಡಿದಿದ್ದಳು. ಹಾಲು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು.

ಮೂರು ಗಂಟೆಯ ಹಾಲು ಅದು. ಮೂರೂವರೆಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿಯೇ ಸ್ನೇಹಲ್ ಎಲ್ಲರಿಗೂ ನಾಲ್ಕು ಗಂಟೆ ಎಂದಿದ್ದಳು. ಆದರೆ ಪ್ರಣವ ಮಧ್ಯಾಹ್ನ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಿದ್ದ. ಎಲ್ಲವೂ ಮುಕ್ಕಾಲು ಗಂಟೆ ಹಿಂದೆ ಬಿದ್ದಿತ್ತು.

"ಅವ್ವಾ... ನಾನ ಕರದೇನಿ. ಪ್ರಣವಗ ಕರಿ ಎರೀಲಿಕ್ಕೆ."

ಸಂಕ್ರಾಂತಿ ಮುಗಿದ ಮೇಲೆ ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲೆ ಚುರುಮುರಿ, ಬಾರಿಹಣ್ಣು, ಕಬ್ಬಿನ ತುಂಡು, ಚಾಕಲೇಟ್ ಸುರಿಯುತ್ತಾರೆ. ಸುತ್ತ ಕೂತ ಮಕ್ಕಳು ಅದನ್ನು ಬಾಚಿಕೊಳ್ಳಲು ಮುಗಿಬೀಳುತ್ತಾರೆ. ಅದೇ ಕರಿ ಎರೆಯುವುದು. ವಿಜಯಪುರದ ಅಜ್ಜಿ ಈ ಸಲವೂ ಎಲ್ಲ ಸಾಮಾನು ಕಟ್ಟಿ ಬಸ್ಸಿಗೆ ಹಾಕಿದ್ದಳು. ಅಪ್ಪ ಇಲ್ಲಿನ ಕಾತ್ರಜ ಬಸ್ ಸ್ಟಾಪಿಗೆ ಹೋಗಿ ಇಳಿಸಿಕೊಂಡು ಬಂದಿದ್ದ. ಆ ಚೀಲವನ್ನು ಅವ್ವ ಇನ್ನೂ ಬಿಚ್ಚಿರಲಿಲ್ಲ.

"ನನಗ ಒಂದ್ ಮಾತ್ ಕೇಳಬಾರದಾಗಿತ್ತೇನ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ ಮತ್ತ! ಮಂದಿ ಸೇರಿದ್ರ ಇನ್‌ಫೆಕ್ಷನ್ ಆಗ್ತದ ಅಂತ ಡಾಕ್ಟರ್ ಹೇಳಿದ್ದು ಮರತಿ? ಆಸ್ಪತ್ರಿಯಿಂದ ಬಂದು ಇನ್ನಾ ಹದಿನೈದು ದಿನ ಆಗಿಲ್ಲ."

ಅಷ್ಟರಲ್ಲಿ ಹೊರಗೆ ಯಾರೋ "ಆಕ್ಷೀ!" ಎಂದು ಸೀನಿದರು. ಆ ಸೀನು ರಿತೇಶನದೇ. ಅವನ ನೆಗಡಿ ಬಿಲ್ಡಿಂಗಿಗೆಲ್ಲ ಪ್ರಸಿದ್ಧ.

ಸ್ನೇಹಲ್‌ಳ ಕಣ್ಣು ತುಂಬಿತು.

"ನಂಗ ಮಾಡಿದ್ರಲ್ಲ! ಕರೀ ಫ್ರಾಕು, ಕುಸುರೆಳ್ಳಿನ ಸರಾ, ಮನಿ ತುಂಬ ಹುಡುಗ್ರು... ಮೊದ್ಲು ನಮ್ಮನಿ ಎಷ್ಟ್ ಛಲೋ ಇತ್ತು! ಸಂಜಿಕ್ಕ ನೀ ನನ್ನ ಜಡಿ ಹಾಕ್ತಿದ್ದಿ, ಬಾಜೂದವರು ಚಾಕ್ಕ ಬರ್ತಿದ್ರು. ಈಗ ಯಾರೂ ಬರಂಗಿಲ್ಲ. ಬರೇ ಪ್ರಣವನ ಕಫಾ ತಗಿಯೋ ಮಷೀನ್ ಸಪ್ಪಳ. ನಂಗ ಮೊದ್ಲಿನ ಹಾಂಗ ಬೇಕು."

ಹೇಳಿಬಿಟ್ಟ ಮೇಲೆ ಅವಳಿಗೇ ಹೆದರಿಕೆಯಾಯಿತು. ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಳು.

ಅವ್ವ ಬೈಯಲಿಲ್ಲ. ಇಳಿಯುತ್ತಿದ್ದ ಹಾಲನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದಳು. ಬೆಲ್ ಮತ್ತೆ ಹೊಡೆದುಕೊಂಡಿತು.

"ಒಳಗ ಯಾರೂ ಬರಂಗಿಲ್ಲ," ಎಂದಳು.

"ಹೂಂ. ಹೋಗ್ರಿ ಅಂತ ಹೇಳ್ತೀನಿ."

"ತಡಿ. ಕೈ ತೊಳಕೊಂಡು ಬಾ. ಸಾಬೂನ್ ಹಚ್ಚಿ."

ಸ್ನೇಹಲ್ ತೊಳೆದುಕೊಂಡು ಬಂದಳು. ಅವ್ವ ಸಿರಿಂಜನ್ನು ಅವಳ ಕೈಗೇ ಕೊಟ್ಟುಬಿಟ್ಟಳು!

"ಇಷ್ಟs ಎತ್ತರಕ್ಕ ಹಿಡಿ. ಹಾಲು ಇಳದ ಮ್ಯಾಲ ಈ ವಾಟಗದಾಗಿನ ನೀರು ಹಾಕು. ನೀರೂ ಇಳೀತು, ಕ್ಲಿಪ್ ಹಾಕು. ಕೆಮ್ಮಿದ್ನೋ, ಕೈ ಕೆಳಗ ಇಳಿಸಿ ನನ್ನ ಕೂಗು. ನಾ ಇಲ್ಲೇ ಬಾಗಲದಾಗ ಇರ್ತೀನಿ."

"ನಾನಾ? ನಂಗ ಹೆದರಿಕಿ ಆಗ್ತದವ್ವಾ."

"ದಿನಾ ನೋಡ್ತೀಯಲ್ಲ. ನನ್ನ ಕೇಳದ ಇಡೀ ಬಿಲ್ಡಿಂಗ್ ಕರದಾಕಿ, ನಿನಗೇನ್ ಹೆದರಿಕಿ!"

ಅವ್ವ ಅಜ್ಜಿಯ ಚೀಲ ಬಿಚ್ಚಿ ಬುಟ್ಟಿಗೆ ಸುರಿದಳು. ಬುಟ್ಟಿಯನ್ನು ಪ್ರಣವನ ತಲೆಯ ಸುತ್ತ ಮೂರು ಸಲ ಇಳಿದೆಗೆದು, ಅದನ್ನು ಸೊಂಟಕ್ಕಿಟ್ಟುಕೊಂಡು ಹೊರಗೆ ಹೋದಳು.

"ಪ್ರಣವನ ಪಾಲಿಂದು ನಿಮಗs! ಕೂಡ್ರಿ ಎಲ್ಲಾರೂ, ತಲಿ ಬಗ್ಗಸ್ರಿ!"

ಜರ್ ಎಂದು ಚುರುಮುರಿ ಸುರಿದ ಸದ್ದು. ಅದರ ಹಿಂದೆಯೇ ಹೋ ಎಂಬ ಗದ್ದಲ.

ಎದ್ದು ಓಡಿಬಿಡಬೇಕು ಎನಿಸಿತು ಸ್ನೇಹಲ್‌ಗೆ. ಕರೆದವಳು ತಾನು, ಮಜಾ ಅವರಿಗೆ! ಆದರೆ ಕೈಯಲ್ಲಿ ತಮ್ಮನ ಹಾಲಿತ್ತು. ಎರಡೇ ನಿಮಿಷಕ್ಕೆ ತೋಳು ಜೋಮು ಹಿಡಿಯಿತು. ಅವ್ವ ದಿನಕ್ಕೆ ಆರು ಸಲ ಹೀಗೆ ಹಿಡಿಯುತ್ತಾಳಲ್ಲ ಎಂದುಕೊಂಡು, ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟಳು. ಪ್ರಣವ ಅವಳನ್ನೇ ಪಿಳಿಪಿಳಿ ನೋಡುತ್ತಿದ್ದ.

"ಏ ರಿತೇಶ್, ಎಲ್ಲಾ ಚಾಕಲೇಟ್ ಒಬ್ಬನs ಬಾಚಬ್ಯಾಡೋ! ಅಯ್ಯ ಅಯ್ಯ, ನನ್ನ ಸೀರಿ ಬಿಡ್ರೋ!" ಅವ್ವ ನಗುತ್ತಿದ್ದಳು. ಉಸಿರು ಸಿಗದಷ್ಟು ನಗು. ನಡುವೆ ತೃಪ್ತಿಯ ತಾಯಿಯೂ ಬಂದರು. "ಅಗಂ ಸುಮಂಗಲಾ, ಎಷ್ಟು ದಿನ ಆಯ್ತು ನಿನ್ನ ನೋಡಿ!" ಎಂದು ಅವರು ಮರಾಠಿಯಲ್ಲಿ ಅಂದದ್ದು ಕೇಳಿಸಿತು. ಅದಕ್ಕೆ ಅವ್ವ ಏನೋ ಹೇಳಿದಳು. ಮತ್ತೆ ಇಬ್ಬರೂ ನಕ್ಕರು.

ಹಾಲು ಇಳಿಯಿತು. ಸ್ನೇಹಲ್ ನೀರು ಹಾಕಿದಳು. ನೀರೂ ಇಳಿಯಿತು. ಕ್ಲಿಪ್ ಟಿಕ್ ಎಂದಿತು.

"ಅವ್ವಾ, ಆತು!" ಎನ್ನಲು ಬಾಯಿ ತೆರೆದಳು. ಕೂಗಿದ ತಕ್ಷಣ ಅವ್ವ ಬುಟ್ಟಿ ಬಿಟ್ಟು ಓಡಿ ಬರುತ್ತಾಳೆ.

ಸ್ನೇಹಲ್ ಬಾಯಿ ಮುಚ್ಚಿಕೊಂಡಳು. ತಮ್ಮನ ಪಕ್ಕ ಸರಿದು ಕೂತು, "ಶ್... ಸಪ್ಪಳ ಮಾಡಬ್ಯಾಡ," ಎಂದು ಅವನ ಕಿವಿಯಲ್ಲಿ ಹೇಳಿದಳು. "ಅವ್ವ ಇನ್ನೊಂದ್ ಸ್ವಲ್ಪ ಆಡ್ಲಿ."